ತಗಡು ಮುಚ್ಚಿದ ಕೈ

ಉತ್ತರದ ಹಿಮನಾಡಿನ ಪೆತಾಯವಾರ ಎಂಬ ಹಳ್ಳಿಯ ಆ ಮನೆಯಲ್ಲಿ ಹೊಗೆಗೂಡಿನ ತಗಡು ಮುಚ್ಚುವ ಕೆಲಸ ಮುದುಕಿ ಸೈಮಾಳದು. ಗಂಡ ಸತ್ತ ಮೇಲೆ ಹಸುಗಳನ್ನು ಮಾರಿದರು, ಹೊಲವನ್ನು ಕಾಡಿಗೆ ಬಿಟ್ಟರು, ರೊಟ್ಟಿ ಅಂಗಡಿಯಿಂದ ಬರತೊಡಗಿತು. ಒಂದೊಂದಾಗಿ ಅವಳ ಕೈಯ ಕೆಲಸಗಳು ಕಳಚಿಕೊಂಡು ಹೋಗಿ, ಎಂಬತ್ತೊಂದನೆಯ ವಯಸ್ಸಿಗೆ ಉಳಿದದ್ದು ಇದೊಂದೇ.

ಅಡುಗೆಮನೆಯ ಮೂಲೆಯಲ್ಲಿ ಕೊಟ್ಟಿಗೆಯ ಹಸುವಿನಷ್ಟು ದೊಡ್ಡ ಇಟ್ಟಿಗೆಯ ಒಲೆ. ಬೆಳಿಗ್ಗೆ ಅದರ ಹೊಟ್ಟೆಗೆ ಕಟ್ಟಿಗೆ ತುಂಬಿ ಉರಿಸಬೇಕು. ಉರಿ ಇಳಿದು ಕೆಂಡವಾಗಿ, ಕೆಂಡವೂ ಸತ್ತ ಮೇಲೆ ಹೊಗೆಗೂಡಿನ ಬಾಯಿಗೆ ಕಬ್ಬಿಣದ ತಗಡನ್ನು ತಳ್ಳಿ ಮುಚ್ಚಬೇಕು. ತಡವಾದರೆ ಶಾಖವೆಲ್ಲ ಆಕಾಶದ ಪಾಲು. ಬೇಗ ಮುಚ್ಚಿದರೆ ಕೆಂಡದ ವಿಷಗಾಳಿ ಮನೆಯೊಳಗೇ ತುಂಬಿಕೊಳ್ಳುತ್ತದೆ; ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸೈಮಾ ಮೋಟು ಮಣೆಯ ಮೇಲೆ ಕೂತು ಕಬ್ಬಿಣದ ಕೋಲಿನಿಂದ ಕೆದಕುತ್ತಿದ್ದಳು. ಕೆಂಡದ ಮೇಲೆ ಒಂದೇ ಒಂದು ನೀಲಿ ನಾಲಿಗೆ ಕಂಡರೂ ಕೂತೇ ಇರುತ್ತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ನವೆಂಬರಿನ ಒಂದು ಗುರುವಾರ, ಬಟಾಣಿ ಸೂಪಿನ ದಿನ, ಸೊಸೆ ರೈಲಿ ಊಟದ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಶಾಲೆ, ಕಚೇರಿ ಎಲ್ಲ ಇದ್ದ ಚರ್ಚಿನ ಊರಿನಲ್ಲಿ ಪುರಸಭೆಯವರು ಕಟ್ಟಿಸಿದ ಸಾಲುಮನೆಗಳಲ್ಲಿ ಒಂದು ಖಾಲಿಯಾಗಿತ್ತು. ಬೇಕೋ ಬೇಡವೋ, ಜನವರಿ ಕೊನೆಯೊಳಗೆ ತಿಳಿಸಬೇಕಿತ್ತು.

"ಎರಡು ಕೋಣೆ, ಅಡುಗೆಮನೆ," ಎಂದಳು ರೈಲಿ. "ಶಾಖ ಪೈಪಿನಲ್ಲಿ ಬರುತ್ತೆ. ಕಟ್ಟಿಗೆ ಇಲ್ಲ, ಬೂದಿ ಇಲ್ಲ. ಇಂಕಾ ಸ್ಕೂಲಿಗೆ ನಡ್ಕೊಂಡು ಹೋಗಬಹುದು. ನನಗೂ ಬಸ್ಸಿಗೆ ಓಡೋದು ತಪ್ಪುತ್ತೆ."

ಅತ್ತೆ ಸಾಸಿವೆ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೇಳಿದಳು: "ಎರಡು ಕೋಣೆ ಅಂದ್ರೆ, ಯಾರ್ಯಾರಿಗೆ?"

"ಹೊಂದಿಸ್ಕೋಬಹುದು, ಅತ್ತೆ."

"ಹೊಂದಿಸ್ಕೋತೀರಿ. ನನ್ನನ್ನ ಕೋಟಿನ ಜೊತೆ ಗೂಟಕ್ಕೆ ನೇತು ಹಾಕ್ತೀರಿ."

ಹತ್ತು ವರ್ಷದ ಮಗಳು ಇಂಕಾ ಕಿಸಕ್ಕನೆ ನಕ್ಕಳು. ರೈಲಿ ನಗಲಿಲ್ಲ.

"ಪೈಪಿನಲ್ಲಿ ಶಾಖ ಬರೋ ಮನೇಲಿ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡ್ತಾನೆ?" ಎಂದಳು ಅತ್ತೆ.

"ಏಳಲ್ಲ. ಇನ್ನೊಂದು ಗಂಟೆ ಮಲಗ್ತಾನೆ."

"ನೀನೂ ಮಲಗು. ಯಾರು ಬೇಡ ಅಂದ್ರು?"

"ನಾಲ್ಕೂವರೆಗೆ ಒಲೆ ಹಚ್ಚೋದು ಯಾರು? ದೇವದೂತರು ಬರ್ತಾರಾ?"

ಇಬ್ಬರೂ ರೈಲಿಯ ಗಂಡ ಇಲ್ಪೋನ ಕಡೆ ನೋಡಿದರು. ಅವನು ದಿನವೂ ಕತ್ತಲಲ್ಲಿ ಹೋಗಿ ಕಾಡಿನಲ್ಲಿ ಮರ ಉರುಳಿಸುವ ಯಂತ್ರ ಓಡಿಸಿ ಕತ್ತಲಲ್ಲೇ ಬರುವವನು. ತಟ್ಟೆಯ ಅಂಚಿಗೆ ಅಂಟಿದ ಸೂಪನ್ನು ರೊಟ್ಟಿಯಿಂದ ಒರೆಸಿ ಬಾಯಿಗೆ ಹಾಕಿಕೊಂಡ.

"ನೋಡೋಣ," ಎಂದ.

ಆ ಮನೆಯಲ್ಲಿ ಎಲ್ಲ ಮಾತೂ ಬಂದು ನಿಲ್ಲುತ್ತಿದ್ದುದು ಆ ಪದದ ಹತ್ತಿರವೇ. ರೈಲಿ ಕಾಗದ ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಕ್ರಿಸ್ಮಸ್ ಕಳೆದರೂ ಅದು ಅಲ್ಲೇ ಇತ್ತು. ದಿನಕ್ಕೆ ನಾಲ್ಕು ಸಲ ಸಕ್ಕರೆ ತೆಗೆದುಕೊಳ್ಳುವವರೆಲ್ಲ ಅದನ್ನು ಕಂಡರು, ಯಾರೂ ಎತ್ತಿ ಓದಲಿಲ್ಲ.

ಆ ಜನವರಿಯಲ್ಲಿ ಬಂದ ಚಳಿ ಮಾತಿಗೆ ಸಿಕ್ಕುವಂಥದ್ದಲ್ಲ. ಅಡುಗೆಮನೆಯ ಕಿಟಕಿಯಾಚೆಗಿನ ತಾಪಮಾಪಕ ಸೊನ್ನೆಯಿಂದ ಮೂವತ್ತು ಕೆಳಗಿಳಿಯಿತು, ಮೂವತ್ತೈದಾಯಿತು. ಇಲ್ಪೋನ ಯಂತ್ರದ ಎಣ್ಣೆ ಜೇನಿನಂತೆ ಗಟ್ಟಿಯಾಗಿ ಒಂದು ದಿನ ಅವನು ಕೆಲಸವಿಲ್ಲದೆ ಮರಳಿದ. ನೀರು ಹೆಪ್ಪುಗಟ್ಟದಂತೆ ಬಚ್ಚಲಿನ ನಲ್ಲಿಯನ್ನು ಹಗಲೂ ರಾತ್ರಿ ದಾರದೆಳೆಯಷ್ಟು ಬಿಟ್ಟಿರಬೇಕಾಯಿತು. ಒಂಬತ್ತೂವರೆಗೆ ಬೂದುಬಣ್ಣದ ಬೆಳಕು ಬರುತ್ತಿತ್ತು, ಎರಡೂವರೆಗೆ ಹೋಗುತ್ತಿತ್ತು. ರೈಲಿ ಆ ಬೆಳಕನ್ನು ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯ ಆವಿ ಹಿಡಿದ ಗಾಜಿನಿಂದ ನೋಡುತ್ತಿದ್ದಳು. ಇನ್ನೂರು ಮಕ್ಕಳ ತಟ್ಟೆ ತೊಳೆಯುವಾಗ ಕೈಗಳು ಮಾತ್ರ ಬೆಚ್ಚಗಿರುತ್ತಿದ್ದವು. ಉಳಿದ ಮೈಗೆ ಚಳಿಯಾಗುತ್ತಿದೆಯೋ ಇಲ್ಲವೋ ಎಂಬುದೇ ಅವಳಿಗೆ ತಿಳಿಯದಂತಾಗಿತ್ತು.

ಎಂಟನೆಯ ತಾರೀಖು ಇಂಕಾಗೆ ಜ್ವರ, ಕೆಮ್ಮು. ಶಾಲೆಗೆ ಬೇಡವೆಂದು ಬಿಟ್ಟರು. ಅತ್ತೆಗೂ ಸೊಂಟ ಹಿಡಿದಿತ್ತು. ಹಿಂದಿನ ಸಂಜೆ ಮಾತ್ರೆ ನುಂಗಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ರೈಲಿ ಎಂದಿನಂತೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚಿದಳು. ಐದೂವರೆಗೆ ಇಲ್ಪೋ ಹೋದ. ಆರೂ ಮುಕ್ಕಾಲಾಗುವ ಹೊತ್ತಿಗೆ ಉರಿ ಇಳಿದಿತ್ತು. ಏಳಕ್ಕೆ ಐದು ನಿಮಿಷ ಇರುವಾಗ ರಸ್ತೆಯ ತಿರುವಿಗೆ ಬಸ್ಸು.

ಅತ್ತೆಯ ಕೋಣೆಯ ಬಾಗಿಲನ್ನು ಅರ್ಧ ತೆರೆದಳು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಿದರೆ ಸೊಂಟ, ಊರುಗೋಲು, ಚಪ್ಪಲಿ ಎಂದು ಹತ್ತು ನಿಮಿಷ. ಎಬ್ಬಿಸದೆ ತಗಡು ತೆರೆದೇ ಬಿಟ್ಟುಹೋದರೆ ಒಂಬತ್ತರ ಹೊತ್ತಿಗೆ ಮನೆ ಐಸಾಗುತ್ತದೆ, ಜ್ವರದ ಮಗು ಬೇರೆ. ರೈಲಿ ಕೋಟು ತೊಟ್ಟುಕೊಂಡೇ ಒಲೆಯ ಬಾಗಿಲಿಗೆ ಬಗ್ಗಿದಳು. ಮೇಲೆಲ್ಲ ಕಪ್ಪಾಗಿತ್ತು. ಕೋಲು ಮಣೆಯ ಹಿಂದೆ ಬಿದ್ದಿತ್ತು, ಹುಡುಕಲಿಲ್ಲ. ತಗಡನ್ನು ಪೂರ್ತಿ ತಳ್ಳಿ ಮುಚ್ಚಿ, ಬಾಗಿಲು ಎಳೆದುಕೊಂಡು, ಹಿಮದಲ್ಲಿ ಓಡಿದಳು. ಬಸ್ಸು ಸಿಕ್ಕಿತು.

ಹತ್ತೂವರೆಗೆ ಶಾಲೆಗೆ ಫೋನು ಬಂತು.

ನಡೆದದ್ದು ಇಷ್ಟು. ಒಂಬತ್ತಕ್ಕೆ ಎದ್ದ ಅತ್ತೆ ತಲೆ ಭಾರವೆಂದುಕೊಂಡೇ ಕಾಫಿ ಮಾಡಿದ್ದಳು. ಇಂಕಾ ಮಲಗಿದಲ್ಲೇ ವಾಂತಿ ಮಾಡಿಕೊಂಡಾಗ ಮೊದಲು ಜ್ವರವೆಂದೇ ಭಾವಿಸಿದಳು. ಮಗುವನ್ನು ಎತ್ತಲು ಹೋದಾಗ ತನ್ನ ಮೊಣಕಾಲೇ ಕುಸಿಯಿತು. ಆಗ ಗೊತ್ತಾಯಿತು. ಹಿಡಿದ ಸೊಂಟದಲ್ಲಿ ಮೊಮ್ಮಗಳನ್ನು ಚಾಪೆಯ ಸಮೇತ ನೆಲದ ಮೇಲೆ ಎಳೆದುಕೊಂಡು ಹೊರಗಿನ ಮೆಟ್ಟಿಲಿಗೆ ತಂದು, ಸೊನ್ನೆಯಿಂದ ಮೂವತ್ತೇಳು ಕೆಳಗಿನ ಆ ಚಳಿಯಲ್ಲಿ ಕುರಿತೊಗಲು ಹೊದಿಸಿ, ಮತ್ತೆ ಒಳಗೆ ಹೋಗಿ ತಗಡು ತೆರೆದು, ಪಕ್ಕದ ಮನೆಗೆ ಫೋನು ಮಾಡಿದ್ದಳು. ಪಕ್ಕದ ಮನೆಯ ಆರ್ವಿ ತನ್ನ ಕಾರಿನಲ್ಲಿ ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ತಂದು ಹಾಕಿದ್ದ.

ರೈಲಿ ಅಡುಗೆಮನೆಯ ಏಪ್ರನ್ನಿನಲ್ಲೇ ಓಡಿ ಬಂದಾಗ ಇಂಕಾಳ ಮುಖಕ್ಕೆ ಆಮ್ಲಜನಕದ ಕೊಳವೆ ಹಾಕಿದ್ದರು. ಮಗು ಕಣ್ಣು ತೆರೆದು ನೋಡಿತು. ಪಕ್ಕದ ಮಂಚದಲ್ಲಿ ಅತ್ತೆ ಕೂತಿದ್ದಳು, ಕಾಲಲ್ಲಿ ಬೇರೆ ಬೇರೆ ಬಣ್ಣದ ಎರಡು ಕಾಲುಚೀಲ. ಎಳೆಯ ವೈದ್ಯನೊಬ್ಬ ಬರೆದುಕೊಳ್ಳುತ್ತಿದ್ದ.

"ತಗಡು ಮುಚ್ಚಿದ್ದು ಯಾರು, ಅಜ್ಜಿ?"

"ಆ ಮನೇಲಿ ತಗಡು ಮುಚ್ಚೋದು ನಾನೇ," ಎಂದಳು ಅತ್ತೆ.

ವೈದ್ಯ ಬರೆದುಕೊಂಡ. ರೈಲಿ ಬಾಗಿಲಲ್ಲಿ ನಿಂತಿದ್ದಳು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ದಾದಿ ಬಂದು "ನೀವು ತಾಯಿನಾ? ಬನ್ನಿ, ಕೈ ಹಿಡ್ಕೊಳ್ಳಿ, ಗಾಬರಿ ಏನಿಲ್ಲ" ಎಂದಳು. ರೈಲಿ ಮಗುವಿನ ಕೈ ಹಿಡಿದುಕೊಂಡಳು. 

ಸಂಜೆ ಮನೆಯಲ್ಲಿ ಇಲ್ಪೋ ಬೂಟು ಬಿಚ್ಚದೆ ಒಲೆಯ ಮುಂದೆ ನಿಂತು ಕೇಳಿದ: "ನೀನು ಹೋಗುವಾಗ ಹೇಗಿತ್ತು?"

"ಕೆಂಡ ಇತ್ತು," ಎಂದಳು ರೈಲಿ.

ಅದು ಸುಳ್ಳಾಗಿರಲಿಲ್ಲ. ಇಲ್ಪೋ ತಾಯಿಯ ಕಡೆ ತಿರುಗಿದ. ಅವನು ದನಿ ಏರಿಸಿದ್ದನ್ನು ರೈಲಿ ಹದಿನೈದು ವರ್ಷದಲ್ಲಿ ಎರಡನೆಯ ಸಲ ಕೇಳಿದಳು.

"ವಿಷಗಾಳಿ ಹೋಗೋಕೆ ತಗಡಿಗೆ ತೂತು ಕೊರೆಸಿ ಅಂತ ಹೊಗೆಗೂಡು ಗುಡಿಸೋನು ಪ್ರತಿ ವರ್ಷ ಬಡ್ಕೊಂಡ. ಕೊರೆಸಿದ್ರೆ ಈ ಗತಿ ಬರ್ತಿತ್ತಾ? ಶಾಖ ಹೋಗುತ್ತೆ, ಶಾಖ ಹೋಗುತ್ತೆ! ಇವತ್ತು ಮಗು ಹೋಗ್ತಿತ್ತಲ್ಲಮ್ಮ!"

"ಹೌದು," ಎಂದಳು ತಾಯಿ.

"ಕೆದಕಿ ನೋಡಲಿಲ್ವಾ?"

"ನೆನಪಿಲ್ಲ."

"ಏನು ನೆನಪಿಲ್ಲ?"

"ಮುಚ್ಚಿದ್ದು. ಎದ್ದದ್ದು ನೆನಪಿದೆ. ಕಾಫಿ ನೆನಪಿದೆ. ಮಧ್ಯೆ ಏನೂ ಇಲ್ಲ."

 ರೈಲಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಒಂದು ತೆಗೆದು ಮುಗಿಸಿ ಇನ್ನೊಂದು ಎತ್ತಿಕೊಂಡಳು.

ಮರುದಿನದಿಂದ ಅತ್ತೆ ತಗಡು ಮುಟ್ಟಲಿಲ್ಲ. ಬೆಳಿಗ್ಗೆ ಅಡುಗೆಮನೆಗೆ ಬಂದರೂ ಮಣೆಯ ಮೇಲೆ ಕೂರದೆ ಕಿಟಕಿಯ ಬಳಿಯ ಬೆಂಚಿನಲ್ಲಿ ಕೂರುತ್ತಿದ್ದಳು. ಇಲ್ಪೋ ಶಾಲೆಯವರಿಗೆ ಹೇಳಿ ರೈಲಿಯ ಕೆಲಸದ ಹೊತ್ತನ್ನು ಎರಡು ಗಂಟೆ ಮುಂದಕ್ಕೆ ಹಾಕಿಸಿದ. ಹಾಗಾಗಿ ಕೆಂಡ ಸಾಯುವವರೆಗೆ ರೈಲಿಯೇ ಕಾಯಬೇಕಾಯಿತು. ಅವಳು ಕೆದಕಿ ಕೆದಕಿ ನೋಡುವಾಗ ಬೆನ್ನ ಹಿಂದೆ ಮುದುಕಿ ಇರುವುದು ಗೊತ್ತಾಗುತ್ತಿತ್ತು. ಮುಚ್ಚು ಎಂದಾಗಲಿ ತಾಳು ಎಂದಾಗಲಿ ಹಿಂದಿನಿಂದ ಒಂದು ಮಾತೂ ಬರುತ್ತಿರಲಿಲ್ಲ.

ನಿಧಾನವಾಗಿ ಬೇರೆ ಕೆಲಸಗಳೂ ಹಾಗೇ ಆದವು. ಮೀನಿನ ಸೂಪಿಗೆ ಉಪ್ಪು ಹಾಕಲು ಹೋದ ಅತ್ತೆಯ ಕೈ ನಡುವೆಯೇ ನಿಲ್ಲುತ್ತಿತ್ತು.

"ಇಂಕಾ, ನಾನು ಉಪ್ಪು ಹಾಕಿದ್ನಾ?"

"ಇಲ್ಲ ಅಜ್ಜಿ."

"ಸರಿಯಾಗಿ ನೋಡಿದ್ಯಾ?"

"ನೋಡ್ತಾನೇ ಇದ್ದೆ. ಚಮಚ ಡಬ್ಬಿಯೊಳಗೇ ಇದೆ."

"ನೀನೇ ಹಾಕು ಹಾಗಾದ್ರೆ."

ಇಂಕಾಗೆ ಅದು ಆಟವಾಯಿತು. "ಅಜ್ಜಿ, ಇವತ್ತು ಯಾವ ವಾರ ಹೇಳಿ ನೋಡೋಣ?" "ಅಜ್ಜಿ, ನಿಮ್ಮ ಕನ್ನಡಕ ಎಲ್ಲಿದೆ ಹೇಳಿ?" ಅಜ್ಜಿಯೂ ಶಾಲೆಯ ಹುಡುಗಿಯಂತೆ ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಿದ್ದಳು. ಒಂದು ದಿನ ರೈಲಿ ಮಗಳ ಭುಜ ಹಿಡಿದು "ಸಾಕು ನಿಲ್ಸೇ!" ಎಂದು ಗದರಿದಳು. ಮಗು ಅತ್ತಿತು. "ಬಿಡು, ಅವಳನ್ನ ಯಾಕೆ ಬೈತೀಯ," ಎಂದಳು ಅತ್ತೆ. "ನನಗೂ ಗೊತ್ತಾಗಬೇಕಲ್ಲ, ಎಷ್ಟು ಉಳಿದಿದೆ ಅಂತ."

ಇಲ್ಪೋ ಸಕ್ಕರೆ ಡಬ್ಬಿಯ ಕೆಳಗಿನ ಕಾಗದ ತೆಗೆದು ಓದಿದ್ದು ಆ ವಾರದಲ್ಲೇ.

"ತಗೊಳ್ಳೋಣ," ಎಂದ.

ಊರಿಗೆ ಹೋಗೋಣವೆಂಬ ಮಾತಿಗೆ ರೈಲಿ ಎರಡು ವರ್ಷದಿಂದ ಕಾದಿದ್ದಳು. ಬಂದಾಗ ಕೈಯಲ್ಲಿದ್ದ ಪಾತ್ರೆ ಒರೆಸುವುದನ್ನು ಮುಂದುವರಿಸಿದಳು, ಅಷ್ಟೆ.

"ಅಮ್ಮನಿಗೆ?" ಎಂದು ಅವನೇ ಕೇಳಿ ಅವನೇ ತಡೆದ.

ಉತ್ತರ ಕಿಟಕಿಯ ಬಳಿಯಿಂದ ಬಂತು. "ಚರ್ಚಿನ ಊರಿನ ಹಿರಿಯರ ಮನೇಲಿ ಜಾಗ ಇರಬಹುದು. ಆರ್ವಿಯ ಅಕ್ಕ ಅಲ್ಲೇ ಇದಾಳೆ. ಮಧ್ಯಾಹ್ನಕ್ಕೆ ಪಾಯಸ ಕೊಡ್ತಾರಂತೆ. ಬರೆದು ಕೇಳಿ."

"ಅಮ್ಮ, ಅಷ್ಟು ಅವಸರ ಏನಿಲ್ಲ."

"ನಾನೇನು ಅಳ್ತಾ ಇದೀನಾ? ಬರೆದು ಕೇಳು ಅಂದೆ."

ಶಾಲೆಯ ಅಡುಗೆಮನೆಯಲ್ಲಿ ಹಿರಿಯ ಅಡುಗೆಯವಳು ಹಿಲ್ಕಾ ಬಾಣಲೆ ತಿಕ್ಕುತ್ತ ಕೆಣಕಿದಳು: "ಅಂತೂ ಗೆದ್ದೆ ಬಿಡು! ಸಾಲುಮನೆ ಸಿಕ್ತು, ಅತ್ತೆ ಬೇರೆ ಕಡೆ. ನನಗೆ ಇಪ್ಪತ್ತು ವರ್ಷ ಬೇಕಾಯ್ತು, ಅದೂ ಆ ಪುಣ್ಯಾತ್ಗಿತ್ತಿ ತಾನಾಗಿ ಸತ್ತದ್ದಕ್ಕೆ. ಒಂದು ಕೇಕ್ ತರಬಾರದೇನೇ?"

"ತರ್ತೀನಿ," ಎಂದಳು ರೈಲಿ. ಶುಕ್ರವಾರ ತಂದಳು ಕೂಡ, ಏಲಕ್ಕಿ ಹಾಕಿದ್ದು. ಎಲ್ಲರೂ ತಿಂದರು. ಅವಳೂ ತಿಂದಳು. ಯಾವ ರುಚಿಯೂ ಹತ್ತಲಿಲ್ಲ.

ಶನಿವಾರ ಸೌನಾ, ಅಂಗಳದಾಚೆಯ ಆವಿಸ್ನಾನದ ಗುಡಿಸಲು, ಕಾಯಿಸಿದರು. ಮೊದಲಿನಿಂದಲೂ ಹೆಂಗಸರದು ಒಂದು ಸರದಿ, ಆಮೇಲೆ ಇಲ್ಪೋ. ಇಂಕಾ ಬೇಗ ಹೊರಬಿದ್ದಳು. ಮೇಲಿನ ಹಲಗೆಯಲ್ಲಿ ಅತ್ತೆ ಸೊಸೆ ಇಬ್ಬರೇ. ರೈಲಿ ಕಾದ ಕಲ್ಲಿಗೆ ನೀರು ಎರಚಿದಳು. ಆವಿ ಬಂದು ಕಿವಿ ಸುಟ್ಟಿತು. ಮುದುಕಿ ಬಗ್ಗಿ ತನ್ನ ಬೆನ್ನು ಕೊಟ್ಟಳು; ರೈಲಿ ಉಜ್ಜಿದಳು. ಇಂಕಾಳನ್ನು ಎಳೆದುಕೊಂಡು ಹೋದ ದಿನ ಬಾಗಿಲ ಚೌಕಟ್ಟಿಗೆ ಬಡಿದಿದ್ದ ಭುಜದ ಕೆಳಗೆ ಹಳದಿಗೆ ತಿರುಗಿದ ಒಂದು ಗಾಯ ಇನ್ನೂ ಇತ್ತು.

"ಅತ್ತೆ," ಎಂದಳು ರೈಲಿ.

"ಏನು?"

"ನೋವಾಗುತ್ತಾ?"

"ಇಲ್ಲ. ಉಜ್ಜು."

ರೈಲಿ ಉಜ್ಜಿದಳು. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಆ ದೇಶದಲ್ಲಿಲ್ಲ. ಜಗಳವಾಡಿದವರು, ಜಮೀನು ಹಂಚಿಕೊಂಡವರು, ಸಾಯುವ ಕಾಯಿಲೆ ಬಂದವರು ಎಲ್ಲ ಇಲ್ಲೇ ಬಾಯಿ ಬಿಡುತ್ತಾರೆ. ಅವಳು ಬಕೆಟ್ಟಿನಲ್ಲಿ ಬಿಸಿನೀರು ಬೆರೆಸಿ ಮುದುಕಿಯ ಬೆನ್ನ ಮೇಲೆ ಸುರಿದು, ಟವೆಲು ಕೊಟ್ಟು, ಮೆಟ್ಟಿಲು ಇಳಿಯುವಾಗ ಮೊಣಕೈ ಹಿಡಿದುಕೊಂಡಳು. ಹೊರಗೆ ಇಬ್ಬರ ಮೈಯಿಂದಲೂ ಹೊಗೆ ಏಳುತ್ತಿತ್ತು. ಮನೆಯವರೆಗಿನ ನಲವತ್ತು ಹೆಜ್ಜೆ ನಡೆದರು.

ತಿಂಗಳ ಇಪ್ಪತ್ತೆಂಟಕ್ಕೆ ಪುರಸಭೆಯಿಂದ ತೊಲೋನೆನ್ ಎಂಬ ಹೆಂಗಸು ಬಂದಳು. ವಯಸ್ಸಾದವರನ್ನು ನೋಡಿ, ಮಾತಾಡಿಸಿ, ಯಾರಿಗೆ ಎಲ್ಲಿ ಜಾಗವೆಂದು ಬರೆಯುವುದು ಅವಳ ಕೆಲಸ. ಕೆಂಪಗಿನ ದುಂಡು ಮುಖ, ಒಳ್ಳೆಯ ಹೆಂಗಸು. ಇಲ್ಪೋ ಅರ್ಧ ದಿನ ರಜೆ ಹಾಕಿದ್ದ. ರೈಲಿ ಕಾಫಿ, ಬನ್ನು ಇಟ್ಟಳು. ಇಂಕಾ ಶಾಲೆಯಲ್ಲಿದ್ದಳು.

"ಸೈಮಾ ಅಜ್ಜಿ, ಇವತ್ತು ಯಾವ ದಿನ ಹೇಳ್ತೀರಾ?"

"ಬುಧವಾರ. ನಿಮಗೆ ಗೊತ್ತಿಲ್ವಾ?"

ತೊಲೋನೆನ್ ನಕ್ಕಳು. "ನೂರರಿಂದ ಏಳೇಳು ಕಳೀತಾ ಬನ್ನಿ."

"ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು. ಇನ್ನೂ ಬೇಕಾ? ಕಾಫಿ ಆರುತ್ತೆ."

"ಸಾಕು, ಸಾಕು. ನನಗಿಂತ ಬೇಗ ಹೇಳ್ತೀರಿ." ಅವಳು ಪುಟ ತಿರುಗಿಸಿದಳು. ದನಿ ತಗ್ಗಿಸಿದಳು. "ಆ ದಿನದ ವಿಷಯ ಒಂದು ಕೇಳಬೇಕು. ತಗಡು."

ಅತ್ತೆ ಬಟ್ಟಲನ್ನು ತಟ್ಟೆಯ ಮೇಲೆ ಸರಿಯಾಗಿ ಇಟ್ಟಳು. "ಬರ್ಕೊಳ್ಳಿ. ನಾನು ಬೇಗ ಮುಚ್ಚಿದೆ. ಅರವತ್ತು ವರ್ಷದಲ್ಲಿ ಒಂದು ಸಲವೂ ಆಗಿರಲಿಲ್ಲ. ತಪ್ಪು ಯಾರಿಗೂ ಆಗುತ್ತೆ, ಅದಲ್ಲ. ಮುಚ್ಚಿದ್ದು ನೆನಪಿಲ್ಲ, ಅದು. ಹಾಸಿಗೇಲಿ ಬಿದ್ಕೊಂಡು ಹುಡುಕ್ತೀನಿ. ಎದ್ದೆ, ಚಪ್ಪಲಿ ಹಾಕ್ಕೊಂಡೆ, ಬಾಗಿಲು ತೆಗೆದೆ. ಅಲ್ಲಿಂದ ಮುಂದೆ ನನ್ನ ಕೈ ಕಾಣಲ್ಲ. ನನ್ನದೇ ಕೈ."

"ನಾನು ಮುಚ್ಚಿದ್ದು," ಎಂದಳು ರೈಲಿ.

ಬನ್ನಿನ ತಟ್ಟೆ ಅವಳ ಕೈಯಲ್ಲೇ ಇತ್ತು. ತೊಲೋನೆನ್ ತಲೆ ಎತ್ತಿದಳು.

"ನಾನು ಮುಚ್ಚಿದೆ. ಬಸ್ಸಿಗೆ ಹೊತ್ತಾಗಿತ್ತು. ಅತ್ತೆ ಎದ್ದೇ ಇರಲಿಲ್ಲ."

"ರೈಲಿ, ಬೇಡ," ಎಂದ ಇಲ್ಪೋ.

ತೊಲೋನೆನ್ ಪೆನ್ನು ಕೆಳಗಿಟ್ಟು ಮೃದುವಾಗಿ ಹೇಳಿದಳು: "ನಿಮ್ಮ ಮನಸ್ಸು ಅರ್ಥ ಆಗುತ್ತೆ. ಎಷ್ಟೋ ಮನೇಲಿ ಕೊನೇ ಗಳಿಗೇಲಿ ಹೀಗೇ ಆಗುತ್ತೆ. ಕಳಿಸೋಕೆ ಯಾರಿಗೂ ಇಷ್ಟ ಇರಲ್ಲ. ಆದ್ರೆ ಹಿರಿಯರ ಸುರಕ್ಷತೆ ನೋಡಬೇಕಲ್ಲ?"

"ಕಳಿಸೋಕೆ ನನಗೆ ಇಷ್ಟ ಇತ್ತು," ಎಂದಳು ರೈಲಿ. "ಅದಕ್ಕೇ ಹೇಳಲಿಲ್ಲ. ಮೊದಲ ದಿನ ಹೆದರಿ ಹೇಳಲಿಲ್ಲ. ಆಮೇಲೆ ಅದಕ್ಕೆ ಹೇಳಲಿಲ್ಲ."

ಅವಳ ದನಿಯಲ್ಲಿ ಏನೂ ಇರಲಿಲ್ಲ. ಶಾಲೆಯ ಗೋಡೆಯ ಮೇಲಿನ ಊಟದ ಪಟ್ಟಿ ಓದಿದ ಹಾಗಿತ್ತು. ತೊಲೋನೆನ್ ಇಲ್ಪೋನ ಮುಖ ನೋಡಿದಳು. ಇಲ್ಪೋ ಮೇಜು ನೋಡುತ್ತಿದ್ದ.

ಅತ್ತೆ ಕುರ್ಚಿಯಲ್ಲಿ ಪೂರ್ತಿ ತಿರುಗಿ ಸೊಸೆಯನ್ನು ನೋಡಿದಳು.

"ಕೆದಕಿದೆಯಾ?"

"ಇಲ್ಲ."

"ಕೋಲು?"

"ಮಣೆ ಹಿಂದೆ ಬಿದ್ದಿತ್ತು. ತೆಗೀಲಿಲ್ಲ."

"ಮೇಲೆ ಹೇಗಿತ್ತು?"

"ಕಪ್ಪಗಿತ್ತು. ಬಗ್ಗಿ ನೋಡಿದೆ, ಕಪ್ಪಗಿತ್ತು."

"ಒಳಗೆ ಕೆಂಪಿರುತ್ತೆ. ಬರ್ಚ್ ಮರದ ಕೆಂಡ ಮೇಲೆ ಬೂದಿ ಹೊದ್ಕೊಂಡು ಎರಡು ಗಂಟೆ ಬದುಕುತ್ತೆ." ಮುದುಕಿ ತಿರುಗಿ ಕೈ ಚಾಚಿದಳು. "ಆ ಕಾಗದ ಕೊಡಿ ಇಲ್ಲಿ."

"ಅಜ್ಜಿ, ಇದು ಕಚೇರಿಯ..."

"ಸಹಿ ನನ್ನದು ತಾನೇ ಬೇಕಾಗಿರೋದು? ಹಾಕಲ್ಲ. ಬನ್ನು ತಗೊಳ್ಳಿ. ಇನ್ನೊಂದು ತಗೊಳ್ಳಿ, ಅಷ್ಟು ದೂರ ಬಂದಿದೀರಿ."

ತೊಲೋನೆನ್ ಹೋದ ಮೇಲೆ ಮನೆಯಲ್ಲಿ ಜಗಳವಾಗಲಿಲ್ಲ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅತ್ತೆ ಎದ್ದು ಹೋಗಿ ಒಲೆಯ ಮುಂದಿನ ಮಣೆಯ ಮೇಲೆ ಕೂತಳು. ಒಲೆಯಲ್ಲಿ ಬೆಂಕಿಯಿರಲಿಲ್ಲ. ಕೋಲು ಎತ್ತಿ ತಣ್ಣನೆಯ ಬೂದಿ ಕೆದಕಿದಳು. ಕೊನೆಗೆ, ಯಾರ ಕಡೆಯೂ ನೋಡದೆ, "ಇಪ್ಪತ್ತು ದಿನ," ಎಂದಳು. "ಇಪ್ಪತ್ತು ದಿನ ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಉಪ್ಪಿಗೂ ಮಗೂನ ಕೇಳಿದೆ."

ರೈಲಿ ಕಟ್ಟಿಗೆಯ ಬುಟ್ಟಿ ಎತ್ತಿಕೊಂಡಳು. 

ಇಲ್ಪೋ ಕಟ್ಟಿಗೆಮನೆಯಲ್ಲಿದ್ದ. ಅವಳು ಬುಟ್ಟಿ ಹಿಡಿದು ಹೋದಾಗ ಅವನು ದಿಮ್ಮಿಯ ಮೇಲೆ ಕೂತಿದ್ದ, ಕೈಯಲ್ಲಿ ಕೊಡಲಿಯಿದ್ದರೂ ಒಡೆಯುತ್ತಿರಲಿಲ್ಲ.

"ನಾನು ಅಮ್ಮನ್ನ ಬೈದೆ," ಎಂದ.

"ಹೂಂ."

"ನೀನು ಆಲೂಗಡ್ಡೆ ಸಿಪ್ಪೆ ತೆಗೀತಾ ನಿಂತಿದ್ದೆ."

"ಹೂಂ."

ಅವನು ಒಂದೊಂದಾಗಿ ಅವಳ ಬುಟ್ಟಿಗೆ ಕಟ್ಟಿಗೆ ಹಾಕಿದ. ತುಂಬಿದ ಮೇಲೆ ಹೇಳಿದ: "ಆ ಮನೆ ತಗೋ. ನೀನೂ ಇಂಕಾನೂ. ನಾನು ಇಲ್ಲೇ ಇರ್ತೀನಿ ಅಮ್ಮನ ಜೊತೆ. ಶನಿವಾರ ಬನ್ನಿ."

"ಹಾಗಂದ್ರೆ ಏನು, ಇಲ್ಪೋ?"

"ಏನೂ ಅಲ್ಲ."

"ನನ್ನ ಬಿಟ್ಟುಬಿಟ್ಟೆ ಅಂತನಾ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಉಸಿರಿನ ಹೊಗೆ ಮೂರು ನಾಲ್ಕು ಸಲ ಬಂದು ಹೋಯಿತು. "ಗೊತ್ತಿಲ್ಲ," ಎಂದ. "ಈಗ ಚಳಿಗಾಲ. ಬೇಸಗೆ ಬರಲಿ."

ಫೆಬ್ರವರಿ ಮೊದಲ ಭಾನುವಾರ ಆರ್ವಿಯ ವ್ಯಾನಿನಲ್ಲಿ ಸಾಮಾನು ಹೋಯಿತು. ಎರಡು ಹಾಸಿಗೆ, ಒಂದು ಮೇಜು, ಇಂಕಾಳ ಪುಸ್ತಕ, ಸ್ಕೀ. ಅತ್ತೆ ಎರಡು ಚಿಂದಿಚಾಪೆಗಳನ್ನು ಸುರುಳಿ ಸುತ್ತಿ ವ್ಯಾನಿನೊಳಗೆ ತಾನೇ ತಳ್ಳಿದಳು.

"ಆ ಮನೆಗಳ ನೆಲ ಪ್ಲಾಸ್ಟಿಕ್ಕಂತೆ," ಎಂದಳು, ಇಂಕಾಗೆ. "ಕಾಲು ತಣ್ಣಗಾಗುತ್ತೆ. ಮಂಚದ ಪಕ್ಕ ಹಾಸ್ಕೋ."

"ಇನ್ನೊಂದು ಯಾರಿಗೆ ಅಜ್ಜಿ?"

"ಮಂಚ ಎರಡಿದೆಯಲ್ಲ."

ರೈಲಿಗೆ ನೇರವಾಗಿ ಹೇಳಿದ್ದು ಒಂದೇ ಮಾತು: "ಟೊಪ್ಪಿ ಹಾಕ್ಕೊ, ಕಿವಿ ಬಿದ್ದೋಗುತ್ತೆ."

ಸಾಲುಮನೆ ಬೆಚ್ಚಗಿತ್ತು. ಗೋಡೆಯ ಉದ್ದಕ್ಕೂ ಪೈಪು, ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಬಿಳಿಯ ಕಬ್ಬಿಣದ ಹಲಗೆ. ಯಾವ ಹೊತ್ತಿಗೆ ಮುಟ್ಟಿದರೂ ಒಂದೇ ಬಿಸಿ. ಇಂಕಾ ಒಳಅಂಗಿಯಲ್ಲೇ ಓಡಾಡಿದಳು, "ಅಮ್ಮಾ, ಇಲ್ಲಿ ಬೇಸಗೆ!" ಎಂದಳು. ಶಾಲೆಗೆ ಆರು ನಿಮಿಷದ ದಾರಿ. ರೈಲಿ ಮೊದಲ ದಿನ ನಾಲ್ಕೂವರೆಗೆ ಎದ್ದಳು. ಎರಡನೆಯ ದಿನವೂ ಎದ್ದಳು. ಮಾಡಲು ಏನೂ ಇರಲಿಲ್ಲ. ಕತ್ತಲೆಯ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಏಳರವರೆಗೆ ಕೂತಳು.

ಮೂರನೆಯ ದಿನ ಶಾಲೆಯಲ್ಲಿ, ಎಂಟೂಮುಕ್ಕಾಲಿಗೆ, ದೊಡ್ಡ ಹಂಡೆಯಲ್ಲಿ ಆಲೂಗಡ್ಡೆ ಬೇಯಲು ಇಟ್ಟು ಕೈ ಒರೆಸಿಕೊಂಡು, ಬಾಗಿಲ ಪಕ್ಕದ ಗೋಡೆಯ ಫೋನೆತ್ತಿ ಅತ್ತೆಯ ಮನೆಯ ನಂಬರು ತಿರುಗಿಸಿದಳು. ಬಹಳ ಹೊತ್ತು ಬಾರಿಸಿತು.

"ಹಲೋ."

"ನಾನು. ರೈಲಿ."

"ಗೊತ್ತಾಯ್ತು. ಇಂಕಾಗೆ ಹುಷಾರಿಲ್ವಾ?"

"ಹುಷಾರಾಗಿದಾಳೆ."

"ಮತ್ತೇನು?"

"ಏನಿಲ್ಲ." ರೈಲಿ ಫೋನಿನ ಸುರುಳಿ ತಂತಿಯನ್ನು ಹಿಡಿದುಕೊಂಡಳು. "ತಗಡು ಮುಚ್ಚಿದ್ರಾ?"

ಆ ಕಡೆ ಏನೂ ಕೇಳಿಸಲಿಲ್ಲ. ಇಟ್ಟುಬಿಟ್ಟಳೆಂದುಕೊಂಡಳು. ಆಮೇಲೆ ಅತ್ತೆಯ ದನಿ ಬಂತು.

"ಇಲ್ಲ. ಕೆಂಡಕ್ಕೆ ಇನ್ನೂ ಜೀವ ಇದೆ."

"ಸರಿ," ಎಂದಳು ರೈಲಿ.

ಇಡಲಿಲ್ಲ. ಆ ಕಡೆಯವಳೂ ಇಡಲಿಲ್ಲ. ಅತ್ತೆಯ ಉಸಿರು ಕೇಳಿಸುತ್ತಿತ್ತು, ನಡುವೆ ಇಟ್ಟಿಗೆಗೆ ಕಬ್ಬಿಣ ಉಜ್ಜುವ ಸದ್ದು, ಮತ್ತೆ ಉಸಿರು. ಹಿಲ್ಕಾ ಹಾದುಹೋಗುತ್ತ "ಯಾರೇ ಅದು? ಒಂದು ಮಾತೂ ಆಡ್ತಿಲ್ಲ, ಮೂಕರಿಗೆ ಫೋನಾ?" ಎಂದಳು. ರೈಲಿ ಅಂಗೈ ಎತ್ತಿ ಸುಮ್ಮನಿರಿಸಿದಳು. ಹಂಡೆ ಉಕ್ಕತೊಡಗಿತು, ಹಿಲ್ಕಾ ಗೊಣಗುತ್ತ ಹೋಗಿ ಉರಿ ತಗ್ಗಿಸಿದಳು. ಕಿಟಕಿಯಾಚೆ ಕಪ್ಪು ಕರಗಿ ಬೂದಾಗುತ್ತಿತ್ತು, ಮೊದಲ ಮಕ್ಕಳು ಅಂಗಳದಲ್ಲಿ ಬೂಟಿನ ಹಿಮ ಒದರುತ್ತಿದ್ದರು.

ಆ ಕಡೆ ಮಣೆ ಕಿರುಗುಟ್ಟಿತು. ಹೆಜ್ಜೆ ದೂರವಾಯಿತು. ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು ಸಣ್ಣದಾಗಿ ಬಂತು. ಹೆಜ್ಜೆ ಮತ್ತೆ ಹತ್ತಿರವಾಯಿತು.

"ಮುಚ್ಚಿದೆ," ಎಂದಳು ಅತ್ತೆ. ಫೋನಿಟ್ಟಳು.